ಬಿಟ್ಟಿ ರೇಸಿನಲ್ಲಿ ಬಿದ್ದ ಲಿಂಬೆಹಣ್ಣು

ಶನಿವಾರ ಮಧ್ಯಾಹ್ನ, ಕಾರುಗಳ ಮೊದಲ ರೇಸು ಮುಗಿದು ಧೂಳು ಇನ್ನೂ ಪೂರ್ತಿ ಕೂತಿರದ ಹೊತ್ತಿನಲ್ಲಿ ನಾನು ನಿಂತಿದ್ದ ಜಾಗದ ಚೆಕ್ಕುಬಂದಿ ಹೀಗಿದೆ. ಪೂರ್ವಕ್ಕೆ, ಹಿಮ್ಮುಖವಾಗಿ ನನ್ನತ್ತ ಬರುತ್ತಿದ್ದ ಟ್ರ್ಯಾಕ್ಟರಿನ ಟ್ರಾಲಿ; ಅದನ್ನು ಓಡಿಸುತ್ತಿದ್ದವಳು ನನ್ನ ಹೆಂಡತಿ ಗಿರಿಜಾ. ದಕ್ಷಿಣಕ್ಕೆ, ನನ್ನ ಬಲಗೈಗೆ ಎಟುಕುವಷ್ಟು ಹತ್ತಿರದಲ್ಲಿ ಎದೆಯುದ್ದದ ಒಂದು ಬಿದಿರಿನ ಗಳ. ಅದರ ತುದಿಯಲ್ಲಿ ಒಂದು ಲಿಂಬೆಹಣ್ಣು. ಅದರಾಚೆ ದೊಡ್ಡವರ ಶಾಮಿಯಾನ, ಅದರೊಳಗೆ ಗಂಗಾವತಿಯ ನಮ್ಮ ಬೀಗರು. ಉತ್ತರಕ್ಕೆ ಹುಲಿಗೆವ್ವನ ಮಿರ್ಚಿ ಬಂಡಿ. ಪಶ್ಚಿಮಕ್ಕೆ ಸಂಜೆಯ ಹಾಡಿನ ವೇದಿಕೆ, ಅದರ ಪಕ್ಕ ಖಾಲಿ ಮೈದಾನ, ಓಡಿಹೋಗಲು ಅನುಕೂಲವಾದದ್ದು. ನಾನು ಓಡಲಿಲ್ಲ. ಇಷ್ಟನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ಇದಕ್ಕಿಂತ ಹೆಚ್ಚು ಹೇಳಬೇಕಾದರೆ ಸ್ವಲ್ಪ ಕಷ್ಟವಿದೆ. ಆ ಕಷ್ಟಕ್ಕೆ ಆಮೇಲೆ ಬರುತ್ತೇನೆ.

ಜಾಗದ ವಿವರವನ್ನು ಹೀಗೆ ನಾಲ್ಕು ದಿಕ್ಕಿನಿಂದ ಕೊಡುವುದು ನನ್ನ ಕಸುಬಿನ ಚಟ. ನಾನು ಕುಷ್ಟಗಿಯಲ್ಲಿ ದಸ್ತಾವೇಜು ಬರೆಯುವವನು. ಹೊಲ, ಮನೆ, ಖಾಲಿ ಜಾಗ ಯಾರಿಂದ ಯಾರಿಗೆ ಹೋದರೂ ನಡುವೆ ನನ್ನ ಬರಹ ಇರುತ್ತದೆ. ಊರವರು ನನ್ನನ್ನು ಬಾಂಡ್ ವಿರೂಪಾಕ್ಷಪ್ಪ ಎನ್ನುತ್ತಾರೆ. ಈ ಕಸುಬು ಮನುಷ್ಯನಿಗೆ ಎರಡು ಗುಣ ಕಲಿಸುತ್ತದೆ. ಒಂದು, ಕಣ್ಣಾರೆ ಕಾಣದ್ದನ್ನು ಬರೆಯಬಾರದು. ಇನ್ನೊಂದು, ಹೊರಗಿನ ಇಬ್ಬರು ಸಾಕ್ಷಿಗಳಿಲ್ಲದೆ ಯಾವುದನ್ನೂ ನಂಬಬಾರದು. ಎರಡೂ ಕಚೇರಿಯಲ್ಲಿ ಮರ್ಯಾದೆ ತರುವ ಗುಣಗಳು. ಮನೆಯಲ್ಲಿ ಅಷ್ಟಾಗಿ ಇಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳುವ ಮೊದಲು ನಾನು ಮಗಳಿಗೂ ಒಂದು ಚಮಚ ಕೊಟ್ಟು ಅವಳ ಅಭಿಪ್ರಾಯ ಕೇಳುತ್ತಿದ್ದೆ. ಮಗಳು ಮದುವೆಯಾಗಿ ಗಂಗಾವತಿಗೆ ಹೋದ ಮೇಲೆ ಸಾಕ್ಷಿಗಳ ಕೊರತೆಯಿಂದಾಗಿ ಸಾರು ಹೇಗಿದ್ದರೂ ಉಣ್ಣುತ್ತೇನೆ.

ಗಿರಿಜಾಳಿಗೆ ಎರಡು ಹುಚ್ಚು. ಮೊದಲನೆಯದು ಮೋಟಾರು ರೇಸು. ನಂಬಲು ಕಷ್ಟ, ಆದರೆ ನಮ್ಮ ಓಣಿಯವರೆಲ್ಲ ನೋಡಿದ್ದಾರೆ: ರೊಟ್ಟಿ ಬಡಿಯುವಾಗ ಹಿಟ್ಟಿನ ಡಬ್ಬಿಗೆ ಮೊಬೈಲು ಆನಿಸಿಟ್ಟು ಯಾವುದೋ ದೇಶದ ಕಾರಿನ ರೇಸು ನೋಡುತ್ತಾಳೆ. ಕಾರು ತಿರುವಿಗೆ ಬಂದಾಗ ಅವಳ ಕೈಯಲ್ಲಿರುವ ರೊಟ್ಟಿಯೂ ಜೋರಾಗಿ ತಿರುಗುತ್ತದೆ. ಯಾರಾದರೂ ಪಲ್ಟಿ ಹೊಡೆದರೆ ಆ ದಿನ ಒಂದು ರೊಟ್ಟಿ ಸೀಯುತ್ತದೆ, ಅದು ನನ್ನ ಪಾಲಿಗೆ. ಇದರ ಮೂಲ ನಮ್ಮ ಮಾವನವರಲ್ಲಿದೆ. ಅವರು ಹನುಮಸಾಗರದಿಂದ ಗಂಗಾವತಿಗೆ ಲಾರಿ ಓಡಿಸುತ್ತಿದ್ದರು. ಹುಡುಗಿಯನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹೋಗಿ, ಅಕ್ಕಿ ಗಿರಣಿಯ ಅಂಗಳದಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆಯುವುದನ್ನು ಕಲಿಸಿದ್ದರು. ಮುಂದಕ್ಕೆ ಯಾರು ಬೇಕಾದರೂ ಹೋಗುತ್ತಾರೆ, ಹಿಂದಕ್ಕೆ ಬರಲು ತಲೆ ಬೇಕು ಎಂಬುದು ಅವರ ಮಾತು. ಎರಡನೆಯ ಹುಚ್ಚು ಒಬ್ಬ ಗಾಯಕರದು. ಹೆಸರು ಬೇಡ. ನಮ್ಮ ಮದುವೆಗಿಂತ ಮೊದಲೇ ಅವಳು ರೇಡಿಯೋದಲ್ಲಿ ಅವರನ್ನು ಕೇಳುತ್ತಿದ್ದಳು. ಆದ್ದರಿಂದ ನಾನು ಅವಳ ಜೀವನದಲ್ಲಿ ಎರಡನೆಯ ಗಂಡುದನಿ.

ಹೀಗಿರುವಾಗ ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಗೋಡೆಗೆ ಒಂದು ಪೋಸ್ಟರು ಬಿತ್ತು. ಕೊಪ್ಪಳದಿಂದ ಗಿಣಿಗೇರಾ ಕಡೆಗೆ ಹೋಗುವ ದಾರಿಯ ಕೆಂಪು ಮಣ್ಣಿನ ಮಸಾರಿ ಬಯಲಿನಲ್ಲಿ ಶನಿವಾರ ಮತ್ತು ಭಾನುವಾರ ಮಣ್ಣಿನ ಹಾದಿಯ ಕಾರು ರೇಸು, ಬೈಕು ಜಿಗಿತ, ಸಂಜೆ ಸಂಗೀತ. ಭಾನುವಾರದ ಸಂಜೆಗೆ ಆ ಗಾಯಕರು. ಗಿರಿಜಾ ಪೋಸ್ಟರಿನ ಮುಂದೆ ತರಕಾರಿ ಚೀಲ ಕೆಳಗಿಟ್ಟು ನಿಂತಳು.

"ರೀ, ಇದನ್ನ ಮೊಬೈಲ್‌ದಾಗ ನೋಡಿ ನೋಡಿ ಸಾಕಾಗೇತಿ. ಒಮ್ಮೆರ ಆ ಸಪ್ಪಳ ಎದಿಗೆ ಬಡೀಬೇಕು ನೋಡ್ರಿ. ಅವರ ಹಾಡೂ ಒಮ್ಮೆ ಎದುರಿಗೆ ಕುಂತು ಕೇಳಬೇಕು. ಮತ್ತ ಬರತಾರೋ ಇಲ್ಲೋ. ವಯಸ್ಸಾಗೇತಿ ಅವರಿಗೆ" ಎಂದಳು.

ನಾನು ಪೋಸ್ಟರಿನ ಕೆಳಗಿದ್ದ ಟಿಕೆಟ್ಟಿನ ದರ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ನಮಗೂ ವಯಸ್ಸಾಗಿದೆ ಎಂದು ಅನ್ನಿಸಿತು.

ಟಿಕೆಟ್ಟಿಗೆ ಸುಲಭದ ದಾರಿ ಒಂದಿತ್ತು. ನಮ್ಮ ಬೀಗರು ಗಂಗಾವತಿಯಲ್ಲಿ ಅಕ್ಕಿ ಗಿರಣಿಯವರು. ಬೀಗತಿ ಸರೋಜಮ್ಮನವರು ಫೋನು ಮಾಡಿ, "ನಾವು ಶಾಮಿಯಾನದಾಗ ಸೀಟ್ ಹಿಡಿಸೀವ್ರಿ, ನೀವೂ ಬರ್ರಿ, ನಮ್ಮ ಲೆಕ್ಕದಾಗ ಆಗ್ಲಿ" ಎಂದಿದ್ದರು. ಆದರೆ ಮಗಳನ್ನು ಕೊಟ್ಟ ಮನೆಯ ಹಂಗಿನಲ್ಲಿ ಕೂತು ರೇಸು ನೋಡುವುದು ಹೇಗೆ? ಕಾರು ಮುಂದೆ ಹೋದಾಗ ಚಪ್ಪಾಳೆ ತಟ್ಟಬೇಕಾದರೂ ಬೀಗರ ಮುಖ ನೋಡಿ ತಟ್ಟಬೇಕಾಗುತ್ತದೆ. "ಇಲ್ರಿ ಬೀಗತೇರ, ನಮ್ಮದೂ ವ್ಯವಸ್ಥಾ ಆಗೇತಿ" ಎಂದು ಗಿರಿಜಾ ಗಂಭೀರವಾಗಿ ಹೇಳಿ ಫೋನು ಇಟ್ಟಳು. ಇಟ್ಟ ಮೇಲೆ ನನ್ನತ್ತ ನೋಡಿದಳು. ವ್ಯವಸ್ಥೆ ಎಂದರೆ ನಾನು ಎಂದು ಆಗ ತಿಳಿಯಿತು.

ನಿಜವಾದ ವ್ಯವಸ್ಥೆ ಮಾಡಿದವನು ಅವಳ ತಮ್ಮ ಶರಣಪ್ಪ. ಅವನಿಗೆ ಹನುಮಸಾಗರದಲ್ಲಿ ಒಂದು ಟ್ರ್ಯಾಕ್ಟರು ಇದೆ. ಪೋಸ್ಟರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಅವನು ಓದಿದ್ದ. ನಾನು, ಜೀವನವಿಡೀ ಸಣ್ಣ ಅಕ್ಷರದಲ್ಲೇ ಬರೆದವನು, ಓದಿರಲಿಲ್ಲ. ರೇಸುಗಳ ನಡುವೆ ಹಳ್ಳಿಯ ಜನರಿಗಾಗಿ ಟ್ರಾಲಿ ಹಿಂದಕ್ಕೆ ಓಡಿಸುವ ಸ್ಪರ್ಧೆ ಇತ್ತು. ಈ ಸಲ ಹೆಣ್ಣುಮಕ್ಕಳಿಗೂ ಬೇರೆಯಾಗಿ. ಸ್ಪರ್ಧಿಗೂ ಒಬ್ಬ ಸಹಾಯಕನಿಗೂ ಒಳಗೆ ಬಿಟ್ಟಿ ಪ್ರವೇಶ.

"ಮಾವ, ನೋಡಾಕ ಹೋಗವರು ಟಿಕೆಟ್ ತಗೋತಾರ. ಅಕ್ಕ ಆಡಾಕ ಹೋಗ್ಲಿ. ಆಡವ್ರಿಗೆ ಯಾರರ ಟಿಕೆಟ್ ಕೇಳ್ತಾರೇನು?" ಎಂದ ಶರಣಪ್ಪ.

"ಸಹಾಯಕ ಯಾರು?"

"ನೀವ."

"ನನಗ ಟ್ರ್ಯಾಕ್ಟರ್ ಬಗ್ಗೆ ಏನೂ ಗೊತ್ತಿಲ್ಲಪ."

"ಗೊತ್ತಿರೂದು ಬ್ಯಾಡ್ರಿ. ಹಿಂದ ನಿಂತು ಬರ್ಲಿ ಬರ್ಲಿ ಅನ್ನೂದು. ಅಷ್ಟೂ ಬರಂಗಿಲ್ಲೇನು?"

ಒಂದೇ ತೊಡಕು. ಶನಿವಾರ ನಾಲ್ವರು ಸ್ಪರ್ಧಿಗಳು, ಅವರಲ್ಲಿ ಇಬ್ಬರು ಮಾತ್ರ ಭಾನುವಾರಕ್ಕೆ ಉಳಿಯುತ್ತಾರೆ. ಸೋತವರ ಮುಂಗೈಗೆ ಕಟ್ಟಿದ ಪ್ರವೇಶದ ಪಟ್ಟಿಯನ್ನು ಅಂದು ಸಂಜೆಯೇ ಕತ್ತರಿಸಿಕೊಳ್ಳುತ್ತಾರೆ. ಅಂದರೆ ಗಿರಿಜಾ ಶನಿವಾರ ಗೆಲ್ಲದಿದ್ದರೆ ಭಾನುವಾರದ ಕಾರಿನ ಕೊನೆಯ ರೇಸೂ ಇಲ್ಲ, ಆ ಗಾಯಕರೂ ಇಲ್ಲ. ಸೋತ ಮೇಲೆ ಬೀಗರ ಶಾಮಿಯಾನದ ಮುಂದೆ ಹಾದು ಹೊರಗೆ ಹೋಗಬೇಕು.

ಈ 'ಬರ್ಲಿ' ಎಂಬುದರ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಯಾವುದಾದರೂ ವಾಹನ ಹಿಂದಕ್ಕೆ ಚಲಿಸತೊಡಗಿದರೆ, ಸುತ್ತಲಿನ ಎಲ್ಲ ಗಂಡಸರೂ ಅದನ್ನು ತಮ್ಮ ಜವಾಬ್ದಾರಿ ಎಂದು ತಿಳಿಯುತ್ತಾರೆ. ಚಹಾ ಕುಡಿಯುತ್ತಿದ್ದವನು ಕಪ್ಪು ಕೆಳಗಿಡುತ್ತಾನೆ. ಕ್ಷೌರಕ್ಕೆ ಕೂತವನು ಅರ್ಧ ನೊರೆಯಲ್ಲೇ ಎದ್ದು ಬರುತ್ತಾನೆ. ಅವರಿಗೂ ಆ ವಾಹನಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಆದರೂ ಬಲಗೈಯನ್ನು ಬೀಸಣಿಗೆಯಂತೆ ಬೀಸುತ್ತ "ಬರ್ಲಿ, ಬರ್ಲಿ, ಬರ್ಲಿ" ಎನ್ನುತ್ತಾರೆ. ಒಬ್ಬ ಎಡಕ್ಕೆ ಎಂದರೆ ಇನ್ನೊಬ್ಬ ಬಲಕ್ಕೆ ಎನ್ನುತ್ತಾನೆ. ವಾಹನ ಗೋಡೆಗೆ ಗುದ್ದಿದ ಮೇಲೆ ಎಲ್ಲರೂ ಒಟ್ಟಿಗೆ "ಸಾಕು, ಸಾಕು" ಎನ್ನುತ್ತಾರೆ. ನಮ್ಮ ಮದುವೆಯ ದಿಬ್ಬಣದ ಲಾರಿ ಹೀಗೆಯೇ ಹಿಂದಕ್ಕೆ ಬಂದು ಹಂದರದ ಮೂಲೆಯ ಕಂಬ ತೆಗೆದಿತ್ತು. ಅಂದು ಬರ್ಲಿ ಎಂದವರಲ್ಲಿ ಪುರೋಹಿತರೂ ಇದ್ದರು. ಬಾಸಿಂಗ ಕಟ್ಟಿಕೊಂಡ ನಾನೂ ಇದ್ದೆ. ಮದುವೆಯಾದ ಮೇಲೆ ನಾನು ಈ ಅಭ್ಯಾಸವನ್ನು ಮನೆಯೊಳಗೂ ತಂದೆ. ಗಿರಿಜಾ ಕಪಾಟು ಸರಿಸಿದರೂ, ಕೊಡ ಇಳಿಸಿದರೂ, ಹಪ್ಪಳ ಕರಿದರೂ ನಾನು ಹಿಂದೆ ನಿಂತು ಎಡಕ್ಕೆ, ಬಲಕ್ಕೆ, ಸಾಕು ಎನ್ನುತ್ತ ಬಂದಿದ್ದೇನೆ. ಅವಳು ಎಂದೂ ಎದುರಾಡಿಲ್ಲ. ಅದನ್ನು ನಾನು ಗೌರವ ಎಂದು ತಿಳಿದಿದ್ದೆ.

ಶನಿವಾರ ಬೆಳಿಗ್ಗೆ ಶರಣಪ್ಪ ಓಡಿಸಿದ ಟ್ರ್ಯಾಕ್ಟರಿನಲ್ಲಿ ನಾವು ಬಯಲಿಗೆ ಬಂದೆವು. ಹೊರಗಿನ ತಿಂಡಿ ಒಳಗೆ ತರಬಾರದು ಎಂದು ದ್ವಾರದಲ್ಲಿ ದೊಡ್ಡದಾಗಿ ಬರೆದಿತ್ತು. ಒಳಗಿನ ತಿಂಡಿಯ ದರ ಕೇಳಿದವರಿಗೆ ಹಸಿವೆಯೇ ಹೋಗುವಂತಿತ್ತು. ನಮ್ಮ ಊಟ ಟ್ರ್ಯಾಕ್ಟರಿನ ಪಾನಾ-ಇಕ್ಕಳದ ಪೆಟ್ಟಿಗೆಯಲ್ಲಿತ್ತು: ಎರಡು ದಿನಕ್ಕಾಗುವಷ್ಟು ಕಟಕ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮೊಸರು. ಕಾವಲಿನವನು ಪೆಟ್ಟಿಗೆಯ ಮೇಲೆ ಕೋಲಿನಿಂದ ಬಡಿದ.

"ಏನೈತ್ರಿ ಇದರಾಗ?"

ನಾನು ಸುಳ್ಳು ಹೇಳುವವನಲ್ಲ. ಆದ್ದರಿಂದ ಆಕಾಶ ನೋಡಿದೆ. ಅವನು ತಾನೇ ಮುಚ್ಚಳ ತೆಗೆದ. "ಯವ್ವಾ, ಇವು ರೊಟ್ಟಿ ಅಲ್ರಿ?"

"ಹೌದಪ" ಎಂದಳು ಗಿರಿಜಾ. "ಡ್ರೈವರ್ ಉಪಾಸ ಇದ್ರ ಗಾಡಿ ಮುಂದಕ ಹೋಗತೈತೇನು?"

"ನಿಮ್ಮದು ಹಿಂದಕ ಹೋಗೂ ಆಟ ಅಲ್ರಿ?"

"ಹಿಂದಕ ಹೋಗಾಕ ಇನ್ನಾ ಎರಡು ಜಾಸ್ತಿ ಬೇಕು. ತಗೋ, ನೀನೂ ಒಂದು ತಿನ್ನು. ಚಟ್ನಿ ಖಾರ ಐತಿ, ನೀರ ಇಟ್ಕೊ."

ಅವನು ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಿರುವಾಗ ನಾವು ಒಳಗೆ ಹೋದೆವು. ಶರಣಪ್ಪನಿಗೆ ಪಟ್ಟಿ ಇರಲಿಲ್ಲ. ಅವನು ಬೇಲಿಯ ಹೊರಗಿನ ಒಂದು ದೊಡ್ಡ ಬೇವಿನ ಮರ ಹತ್ತಿ ಕೂತ. ಅದಕ್ಕೆ ಟಿಕೆಟ್ಟಿಲ್ಲ, ಅಲ್ಲಿಂದ ಎಲ್ಲವೂ ಕಾಣುತ್ತದೆ, ಮೇಲೆ ನೆರಳು. ಬೀಗರ ಶಾಮಿಯಾನದ ಎದುರಿಗೆ ಮಾತ್ರ ಸಂಘಟಕರು ಒಂದು ಧ್ವನಿವರ್ಧಕದ ಗೋಪುರ ನಿಲ್ಲಿಸಿದ್ದರು. ಅರ್ಧ ಹಾದಿ ಅದರ ಹಿಂದೆ ಅಡಗಿತ್ತು. ನಮ್ಮ ಜಾಗವೋ, ಹಾದಿಯ ತಿರುವಿನಲ್ಲೇ, ಸ್ವಂತ ಟ್ರಾಲಿಯ ಮೇಲೆ, ಗೋಣಿಚೀಲ ಹಾಸಿಕೊಂಡು. ಇಡೀ ಬಯಲಿನಲ್ಲಿ ಅಂಥ ಆಸನ ಇನ್ನೊಂದಿರಲಿಲ್ಲ. ಮೊದಲ ಕಾರು ತಿರುವಿಗೆ ಬಂದಾಗ ಆ ಸಪ್ಪಳ ನಿಜವಾಗಿಯೂ ಎದೆಗೆ ಬಡಿಯಿತು. ಕಾರಿನ ಬಾಲ ಸರಕ್ಕನೆ ಹೊರಳಿ ಕೆಂಪು ಮಣ್ಣನ್ನು ನಮ್ಮ ಮೇಲೆ ಎರಚಿತು. ನಾನು ಗೋಣಿಚೀಲದ ಕೆಳಗೆ ಹೋದೆ. ಗಿರಿಜಾ ಎದ್ದು ನಿಂತು, ಮುಖದ ತುಂಬ ಮಣ್ಣು, "ಬ್ರೇಕ್ ಒತ್ತಬ್ಯಾಡಪೋ, ಗೇರ್ ಇಳಸು, ಗೇರ್ ಇಳಸು!" ಎಂದು ಕೂಗುತ್ತಿದ್ದಳು. ಅಂಥ ಖುಷಿಯಲ್ಲಿ ನಾನು ಅವಳನ್ನು ಮಗಳು ಹುಟ್ಟಿದ ದಿನವೂ ಕಂಡಿರಲಿಲ್ಲ. ಇದು ಒಂದೇ ದಿನಕ್ಕೆ ಮುಗಿಯಬಾರದು ಎಂದು ನನಗೆ ಆಗ ಗಟ್ಟಿಯಾಗಿ ಅನ್ನಿಸಿತು.

ಕಾರುಗಳು ನಿಂತ ಮೇಲೆ ನಮ್ಮ ಸರದಿ. ಎರಡು ಸಾಲಿನಲ್ಲಿ ಬಿದಿರಿನ ಗಳ ನೆಟ್ಟು, ಪ್ರತಿಯೊಂದರ ತುದಿಯಲ್ಲಿ ಒಂದು ಲಿಂಬೆಹಣ್ಣು ಕೂರಿಸಿದ್ದರು. ನಡುವಿನ ವಕ್ರ ಹಾದಿಯಲ್ಲಿ ಟ್ರಾಲಿಯನ್ನು ಹಿಂದಕ್ಕೆ ತರಬೇಕು. ಗಾಡಿ ಗಳಕ್ಕೆ ತಾಗಿದರೆ ಹಣ್ಣು ಬೀಳುತ್ತದೆ. ಕಡಿಮೆ ಹಣ್ಣು ಬೀಳಿಸಿದವರು ಮೇಲೆ. ಸಮನಾದರೆ ಬೇಗ ಮುಗಿಸಿದವರು ಮೇಲೆ. ತೀರ್ಪು ಕೊಡುವವರು ಮಹಿಬೂಬಸಾಬರು, ಬಸ್ಸು ಓಡಿಸಿ ನಿವೃತ್ತರಾದ ಹಿರಿಯರು, ಕೊರಳಲ್ಲಿ ಸೀಟಿ. ಮೊದಲು ಬಂದ ಯಲಬುರ್ಗಾದ ಹೆಣ್ಣುಮಗಳು ಚೆನ್ನಾಗಿಯೇ ಶುರು ಮಾಡಿದಳು. ಆದರೆ ಟ್ರಾಲಿ ಹಿಂದಕ್ಕೆ ಅಲುಗಿದ್ದೇ ತಡ, ಹಾದಿಯ ಬೇಲಿಯ ಸುತ್ತಲಿನ ಜನವೆಲ್ಲ ಕೈ ಎತ್ತಿತು. "ಬರ್ಲಿ, ಬರ್ಲಿ!" "ಏ ಎಡಕ್ಕ ಹೊಡಿ ಯವ್ವಾ!" "ಬಲಕ್ಕ, ಬಲಕ್ಕ!" "ಪೂರ್ತಿ ತಿರುವು!" "ಏ ತಿರುವಬ್ಯಾಡ!" ಆಕೆ ಪಾಪ ಎಲ್ಲರ ಮಾತನ್ನೂ ಕೇಳಿದಳು. ಲಿಂಬೆಹಣ್ಣುಗಳು ಮಳೆಯಂತೆ ಉದುರಿದವು. ಎರಡನೆಯವಳು ಹನುಮನಹಳ್ಳಿಯವಳು. ಕಿವಿಗೆ ಸೆರಗು ಬಿಗಿದುಕೊಂಡು ಬಂದು, ಒಂದೂ ಬೀಳಿಸದೆ ಮುಗಿಸಿದಳು. ಮೂರನೆಯವಳು ಗಿಣಿಗೇರಾದಲ್ಲಿ ನೀರಿನ ಟ್ಯಾಂಕರ್ ಓಡಿಸುವ ರೇಣುಕಾ. ಬಾಣದಂತೆ ಹಿಂದಕ್ಕೆ ಬಂದಳು. ಕೊನೆಯ ಗಳದ ಹತ್ತಿರ ಯಾರೋ "ಸಾಕು!" ಎಂದು ಕಿರುಚಿದ್ದಕ್ಕೆ ಬೆಚ್ಚಿ ಒಂದು ಹಣ್ಣು ಕಳೆದುಕೊಂಡಳು. ಲೆಕ್ಕ ಸರಳವಾಗಿತ್ತು. ಗಿರಿಜಾ ಒಂದೂ ಬೀಳಿಸದಿದ್ದರೆ ನಾವು ಭಾನುವಾರಕ್ಕೆ. ಒಂದು ಬಿದ್ದರೂ ರೇಣುಕಾ ಭಾನುವಾರಕ್ಕೆ, ಅವಳಷ್ಟು ವೇಗ ನಮ್ಮದಲ್ಲ.

ಈಗ ಮೊದಲು ಹೇಳಿದ ಚೆಕ್ಕುಬಂದಿಗೆ ಮರಳುತ್ತೇನೆ. ನಾನು ಕೊನೆಯ ಗಳದ ಪಕ್ಕ ನಿಂತೆ. ಮಹಿಬೂಬಸಾಬರು ಸೀಟಿ ಊದಿದರು. ಟ್ರಾಲಿ ಹೊರಟಿತು. ಟ್ರಾಲಿಯನ್ನು ಹಿಂದಿನಿಂದ ನೋಡುವುದಕ್ಕೂ, ಅದು ನಮ್ಮ ಮೇಲೆಯೇ ಬರುವಾಗ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಹೆಂಡತಿಯ ಮುಖ ಕಾಣುವುದಿಲ್ಲ. ಬರೀ ಕಬ್ಬಿಣ. ಜನ ಕೂಗುತ್ತಿದ್ದರು. ನಾನೂ ಬಲಗೈ ಬೀಸುತ್ತ ಬರ್ಲಿ, ಬರ್ಲಿ ಎನ್ನುತ್ತಿದ್ದೆ. ಟ್ರಾಲಿ ಒಂದೊಂದೇ ಗಳ ದಾಟಿತು, ನೀರಿನಲ್ಲಿ ತೆಪ್ಪ ತಿರುಗಿದ ಹಾಗೆ. ಕೊನೆಯ ತಿರುವಿನಲ್ಲಿ ಅದು ನೇರ ನನ್ನತ್ತ ಹೊರಳಿತು. ಆಮೇಲೆ 'ಪಟ್' ಎಂದು ಸಣ್ಣ ಸಪ್ಪಳ. ಇಂಜಿನ್ನು ನಿಂತಿತು. ನೋಡಿದರೆ ಟ್ರಾಲಿ ಗಳದವರೆಗೆ ಬಂದು ನಿಂತಿತ್ತು, ಲಿಂಬೆಹಣ್ಣು ನನ್ನ ಕಾಲ ಹತ್ತಿರ ಮಣ್ಣಿನಲ್ಲಿತ್ತು.

ಗಿರಿಜಾ ಸೀಟಿನಲ್ಲಿ ತಿರುಗಿ ಕೂತು ಆ ಹಣ್ಣನ್ನೇ ನೋಡುತ್ತಿದ್ದಳು. "ನಾ ಮುಟ್ಟಿಲ್ಲ" ಎಂದಳು, ಸಣ್ಣ ದನಿಯಲ್ಲಿ. ಶಾಮಿಯಾನದಲ್ಲಿ ಬೀಗರು ಎದ್ದು ನಿಂತಿದ್ದರು. ಮಹಿಬೂಬಸಾಬರು ಬಂದು ಹಣ್ಣು ಎತ್ತಿ, ಗಳ ನೋಡಿ, ಟ್ರಾಲಿ ನೋಡಿ, ನನ್ನನ್ನು ನೋಡಿದರು.

"ಹಣ್ಣು ಬಿದ್ದೈತಿ. ಗಾಡಿ ತಾಗಿ ಬಿತ್ತೋ, ತಾನ ಬಿತ್ತೋ? ನೀವ ಬಾಜೂಕ ಇದ್ದವರು. ಖರೇ ಹೇಳ್ರಿ."

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನ್ನ ಜೀವನದಲ್ಲಿ ಬಂದಿರಲಿಲ್ಲ. ಮುಟ್ಟಲಿಲ್ಲ ಎಂದು ಒಂದು ಮಾತು ಸಾಕಿತ್ತು. ಆದರೆ ಕಾಣದ್ದನ್ನು ಹೇಳುವುದು ಹೇಗೆ?

"ಸಾಹೇಬ್ರ, ನನ್ನ ಕಣ್ಣು ಮುಚ್ಚಿದ್ದವ್ರಿ" ಎಂದೆ.

ಹುಲಿಗೆವ್ವನ ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟಿತು. ಗಿರಿಜಾ ಹಣೆಗೆ ಕೈ ಹಚ್ಚಿಕೊಂಡಳು.

"ಗಾಡಿ ನೋಡಿಲ್ರಿ" ಎಂದು ಮುಂದುವರಿಸಿದೆ. "ಆದ್ರ ಒಂದು ಮಾತು. ಸಪ್ಪಳ ಕೇಳೂದಕಿಂತ ಮೊದಲು ನನ್ನ ಬಲಗೈ ಬೆರಳಿಗೆ ಏನೋ ತಣ್ಣಗ, ದುಂಡಗ ತಾಗಿತ್ರಿ. ಅದು ಗಾಡಿ ಅಲ್ಲ. ಗಾಡಿ ತಣ್ಣಗ ಇರಂಗಿಲ್ಲ."

ಮಹಿಬೂಬಸಾಬರ ಮೀಸೆ ಅಲುಗಿತು. "ಅಂದ್ರ ಹಣ್ಣು ನೀವ ಕೆಡವಿದ್ರಿ?"

"ಇರಬಹುದ್ರಿ. ಆದ್ರ ನಾನು ಆಕಿ ಗಂಡ. ನನ್ನ ಮಾತು ಒಂದ ನಡ್ಯಂಗಿಲ್ಲ. ಹೊರಗಿನವರು ಇಬ್ರು ಸಾಕ್ಷಿ ಬೇಕು."

ಇಷ್ಟು ಹೇಳಿದ್ದೇ ತಡ ಗಿರಿಜಾ ಮೇಲಿನಿಂದ ಕೂಗಿದಳು: "ಸಾಹೇಬ್ರ, ಇವರನ್ನ ಕಟಗೊಂಡು ಇಪ್ಪತ್ತೆಂಟು ವರ್ಷ ಆತ್ರಿ. ನಮ್ಮ ಮದವಿ ಆಗೇತಿ ಅನ್ನಾಕೂ ಇಬ್ರು ಸಾಕ್ಷಿ ಕೇಳೂ ಮನಶ್ಯಾ ಇವರು!"

ಜನ ನಕ್ಕರು. ಆದರೆ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಬರ್ಲಿ ಎಂದು ಕೂಗಿದ ಅಷ್ಟೂ ಗಂಡಸರು ತಮ್ಮ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರೋ ಏನೋ, ಒಬ್ಬನೂ ಹಣ್ಣು ಬಿದ್ದದ್ದನ್ನು ನೋಡಿರಲಿಲ್ಲ. ಕೊನೆಗೆ ಉತ್ತರ ದಿಕ್ಕಿನಿಂದ ಹುಲಿಗೆವ್ವ ಮಿರ್ಚಿ ತೆಗೆಯುವ ಝಾರಿ ಎತ್ತಿದಳು.

"ನಾ ನೋಡೇನ್ರಿ. ಮಿರ್ಚಿ ಎಣ್ಯಾಗ ಬಿಟ್ಟು ತಲಿ ಎತ್ತಿದ್ದೆ. ಈ ಯಣ್ಣ ಕಣ್ಣ ಮುಚಗೊಂಡು ನೊಣಾ ಹೊಡದಂಗ ಕೈ ಬೀಸಿದ. ಹಣ್ಣು ಅವಾಗ ಹಾರಿತು. ಗಾಡಿ ಇನ್ನಾ ಮಾರು ದೂರ ಇತ್ತು."

"ಒಬ್ರು ಆದ್ರು. ಇನ್ನೊಬ್ರು?" ಎಂದರು ಮಹಿಬೂಬಸಾಬರು. ಈಗ ಅವರಿಗೂ ನನ್ನ ಕಾಯಿದೆ ಹಿಡಿಸಿತ್ತು.

"ನಾನೂ ನೋಡೇನಿ" ಎಂದಳು ಒಬ್ಬಳು, ನನ್ನ ಬೆನ್ನ ಹಿಂದಿನಿಂದ. ತಿರುಗಿ ನೋಡಿದರೆ ರೇಣುಕಾ.

ಅವಳ ಊರಿನವರು ಯಾರೋ ಬೇಲಿಯಾಚೆಯಿಂದ ಹಲ್ಲು ಕಚ್ಚಿ, "ಏ ರೇಣುಕಾ, ಹುಚ್ಚಿ ಅದಿಯೇನು? ಸುಮ್ಮಕ ನಿಲ್ಲು. ನಾಳಿಗೆ ನೀನ ಹೋಗ್ತಿ" ಎಂದರು.

"ಹೋದ್ರ ನನ್ನ ಸ್ಟೇರಿಂಗ್‌ಲಿಂದ ಹೋಗಬೇಕ್ರಿ ಕಾಕಾ" ಎಂದಳು ಆಕೆ. "ಇವರ ಗಂಡನ ಬೆರಳಿಂದ ಹೋಗೂದು ಬ್ಯಾಡ. ಗಾಡಿ ಮುಟ್ಟಿಲ್ಲ."

ಮಹಿಬೂಬಸಾಬರು ಮೈಕು ಇಸಿದುಕೊಂಡರು. "ಗಾಡಿ ಮುಟ್ಟಿದ್ರ ಔಟ್ ಅಂತ ನಾವು ಹೇಳೇವಿ. ಗಂಡ ಮುಟ್ಟಿದ್ರ ಔಟ್ ಅಂತ ಎಲ್ಲೂ ಹೇಳಿಲ್ಲ. ಗಿರಿಜವ್ವ ಪಾಸ್!"

ಆ ಕೇಕೆ ಗಿಣಿಗೇರಾದ ಕಾರ್ಖಾನೆ ಚಿಮಣಿಗಳವರೆಗೆ ಕೇಳಿಸಿರಬೇಕು. ಬೇವಿನ ಮರದಿಂದ ಶರಣಪ್ಪ ಟವೆಲು ಬೀಸುತ್ತಿದ್ದ. ಗಿರಿಜಾ ಇಳಿದು ಬಂದು ರೇಣುಕಾಳ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ರೇಣುಕಾ ಕೇಳಿದಳು: "ಅಕ್ಕಾರ, ಅಷ್ಟು ಮಂದಿ ಒದರಾಕತ್ತಿದ್ರು. ನಿಮಗ ತಲಿ ಕೆಡಲಿಲ್ಲೇನ್ರಿ?"

"ತಂಗಿ, ನನಗ ಏನೂ ಕೇಳಸಲೇ ಇಲ್ಲ" ಎಂದು ಗಿರಿಜಾ ನನ್ನ ಕಡೆ ಬೆರಳು ತೋರಿಸಿದಳು. "ಎಡಕ್ಕ, ಬಲಕ್ಕ, ಸಾಕು. ಇಪ್ಪತ್ತೆಂಟು ವರ್ಷ ಇವರು ನನ್ನ ಕಿವಿಗೆ ತಾಲೀಮು ಕೊಟ್ಟಾರ."

ನಾನು ಗೌರವ ಎಂದು ತಿಳಿದದ್ದು ಏನಾಗಿತ್ತು ಎಂದು ಆಗ ತಿಳಿಯಿತು. ಆದರೂ ಆ ಹೊತ್ತಿಗೆ ಅದನ್ನು ಹೊಗಳಿಕೆಯಾಗಿಯೇ ಸ್ವೀಕರಿಸಿದೆ. ತರಬೇತಿ ಕೊಟ್ಟವರನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಸಂಜೆ ಸೋತವರ ಪಟ್ಟಿ ಕತ್ತರಿಸುವ ಮೇಜಿನ ಹತ್ತಿರ ನಾನು ಎದೆಯುಬ್ಬಿಸಿ ನಿಂತಿದ್ದೆ. ಗಿರಿಜಾ ಅಲ್ಲಿಗೆ ಬಂದು, ಕತ್ತರಿ ಹಿಡಿದವನ ಹತ್ತಿರ ಮೆಲ್ಲಗೆ ಕೇಳಿದಳು: "ತಮ್ಮಾ, ನಾಳಿಗೆ ಸಹಾಯಕರನ್ನ ಬದಲ ಮಾಡಬಹುದೇನು?" ಮಾಡಬಹುದು ಎಂದ ಆತ. ಅವಳು ನನ್ನನ್ನು ನೋಡಿದಳು. ಅವಳಿಗೆ ಹೇಳಲು ಕಷ್ಟವಾಗುತ್ತಿತ್ತು. ನ್ಯಾಯ ಯಾವ ಕಡೆ ಇದೆ ಎಂಬುದು ನನಗೂ ಕಾಣುತ್ತಿತ್ತು. ಭಾನುವಾರಕ್ಕೆ ಹೋಗಬೇಕಾಗಿದ್ದ ರೇಣುಕಾ ನಮಗಾಗಿ ಬಿಟ್ಟುಕೊಟ್ಟಿದ್ದಳು. ಇನ್ನು ಗಳದ ಪಕ್ಕ ನನ್ನ ಕೈಯನ್ನು ಮತ್ತೆ ನಿಲ್ಲಿಸುವುದು ಯಾವ ಲೆಕ್ಕದಲ್ಲೂ ಕ್ಷೇಮವಲ್ಲ. ನಾನೇ ಮುಂಗೈ ಮುಂದೆ ಚಾಚಿದೆ. ನನ್ನ ಪಟ್ಟ ಇಳಿಯಿತು, ರೇಣುಕಾಳ ಕೈಯ ಪಟ್ಟಿ ಉಳಿಯಿತು. ಗಿರಿಜಾ ಪೆಟ್ಟಿಗೆಯಿಂದ ನನಗೊಂದು ಗಂಟು ರೊಟ್ಟಿ ಕಟ್ಟಿಕೊಟ್ಟಳು. ಚಟ್ನಿ ಮಾತ್ರ ಎಂದಿಗಿಂತ ಹೆಚ್ಚು ಹಾಕಿದ್ದಳು.

ಹೀಗಾಗಿ ಭಾನುವಾರ ನಾನು ಬೇವಿನ ಮರದ ಬುಡದಲ್ಲಿದ್ದೆ. ಮರ ಹತ್ತುವ ವಯಸ್ಸಲ್ಲ. ಹೊರಬೇಲಿಗೆ ತಗಡು ಬಡಿದಿದ್ದರಿಂದ ಕೆಳಗಿನಿಂದ ಕಾಣುತ್ತಿದ್ದದ್ದು ಧೂಳು ಮಾತ್ರ. ಕಾರಿನ ಕೊನೆಯ ರೇಸನ್ನು ನಾನು ಪೂರ್ತಿಯಾಗಿ ಧೂಳಿನ ಬಣ್ಣ ಮತ್ತು ಶರಣಪ್ಪನ ಬಾಯಿಯ ಮೂಲಕ ನೋಡಿದೆ. ಕೇಳಿದ ಮಾತನ್ನು ಸಾಕ್ಷಿಯಾಗಿ ಹಿಡಿಯಬಾರದು ಎಂದು ಗೊತ್ತು; ಆದರೂ ಅಂದು ಹಿಡಿದೆ.

"ಮಾವ, ಅಕ್ಕನ ಪಾಳಿ ಬಂತು! ಮಂದಿ ಕೈ ಎತ್ಯಾರ, ಬರ್ಲಿ ಬರ್ಲಿ ಅನ್ನಾಕತ್ಯಾರ. ರೇಣುಕಾ ಕೈ ಕಟಗೊಂಡು ನಿಂತಾಳ. ಒಂದ ಮಾತು ಆಡವಲ್ಲಳು."

"ಕೈ ಕಟಗೊಂಡಾಳ?"

"ಹೂಂ, ಎರಡೂ ಕೈ. ಅಕ್ಕ ಬರಾಕತ್ಯಾಳ… ತಿರುವು ದಾಟಿದ್ಲು… ಕಡೀ ಗಳ…" ಶರಣಪ್ಪ ಟೊಂಗೆಯ ಮೇಲೆ ಎದ್ದು ನಿಂತ. ನನ್ನ ಕೈಯಲ್ಲಿದ್ದ ರೊಟ್ಟಿ ಪುಡಿಯಾಯಿತು. ಮರುಕ್ಷಣ ಮರದ ಮೇಲಿಂದ ಅವನೇ ಬೀಳುವ ಹಾಗೆ ಕುಣಿದ. "ಒಂದೂ ಬಿದ್ದಿಲ್ಲ ಮಾವ! ಹನುಮನಹಳ್ಳಿಯಾಕಿದು ಎರಡು ಬಿದ್ದಾವ! ಅಕ್ಕ ಹೊಡದ್ಲು!"

ಕತ್ತಲಾಗುತ್ತ ಹಾಡು ಶುರುವಾಯಿತು. ಹೊರಗೆ ನಿಂತವನಿಗೂ ಧ್ವನಿವರ್ಧಕ ಮೋಸ ಮಾಡುವುದಿಲ್ಲ. ಎರಡು ಹಾಡಿನ ನಂತರ ಗೆದ್ದವರನ್ನು ವೇದಿಕೆಗೆ ಕರೆದರು. ಆ ಗಾಯಕರೇ ಬಹುಮಾನ ಕೊಟ್ಟು, "ಅಮ್ಮಾ, ನಿಮಗೆ ಏನು ಬೇಕು, ಹೇಳಿ. ಯಾವ ಹಾಡು?" ಎಂದು ಕೇಳಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮೈಕಿನಲ್ಲಿ ನನ್ನ ಹೆಂಡತಿಯ ದನಿ, ಇಡೀ ಬಯಲಿನ ಮೇಲೆ:

"ಹಾಡು ಆಮ್ಯಾಲೆ ಹೇಳ್ತೀನ್ರಿ. ಮೊದಲ ನಮ್ಮ ಮನಿಯವರು ಹೊರಗ ಬೇವಿನ ಗಿಡದ ಬುಡಕ ನಿಂತಾರ. ಅವರನ್ನ ಒಳಗ ಬಿಡ್ರಿ. ನಿನ್ನೆ ಖರೇ ಹೇಳಿದವರು ಅವರ. ಅವರು ಬರೂತನ ನಾ ಹಾಡಿನ ಹೆಸರು ಹೇಳಂಗಿಲ್ಲ."

ದ್ವಾರದ ಕಾವಲಿನವನು ಓಡಿಬಂದ, ನಿನ್ನೆ ಚಟ್ನಿ ತಿಂದವನೇ. "ಬರ್ರಿ ಯಜಮಾನ್ರ, ಬರ್ರಿ" ಎಂದು ನನ್ನ ಕೈ ಹಿಡಿದು ಒಳಗೆ ಬಿಟ್ಟ. ಒಳಗೆ ಕಾಲಿಟ್ಟಾಗ ದೀಪದ ಬೆಳಕು ನನ್ನ ಮುಖಕ್ಕೆ ಬಿತ್ತು. ಎಲ್ಲಿಂದಲೋ ಒಬ್ಬ ಕೂಗಿದ: "ಬರ್ಲಿ, ಬರ್ಲಿ!" ಅವನ ಪಕ್ಕದವನು ಕೈ ಎತ್ತಿದ. ನೋಡನೋಡುತ್ತ ಇಡೀ ಬಯಲು, ಸಾವಿರ ಕೈ ಬೀಸಣಿಗೆ ಮಾಡಿ, "ಬರ್ಲಿ! ಬರ್ಲಿ! ಬರ್ಲಿ!" ಎನ್ನತೊಡಗಿತು. "ಎಡಕ್ಕ ಬರ್ರಿ!" "ಏ ಬಲಕ್ಕ!" ಶಾಮಿಯಾನದಲ್ಲಿ ಬೀಗರು ಕುರ್ಚಿಯ ಮೇಲೆ ಹತ್ತಿ ನಿಂತು ಕೈ ಬೀಸುತ್ತಿದ್ದರು. ಸರೋಜಮ್ಮನವರು "ಬೀಗರ, ಬರ್ರಿ, ಬರ್ರಿ" ಎಂದು ಮರ್ಯಾದೆಯಿಂದಲೇ ಕೂಗುತ್ತಿದ್ದರು. ವೇದಿಕೆಯ ಮೇಲೆ ಆ ಗಾಯಕರೂ ತಾಳಕ್ಕೆ ಸರಿಯಾಗಿ ಕೈ ಆಡಿಸುತ್ತಿದ್ದರು. ನಾನು ನಡೆದೆ. ಯಾವ ಅರಸನ ಮೆರವಣಿಗೆಗೂ ಅಷ್ಟು ಜನ ದಾರಿ ತೋರಿಸಿರಲಾರರು. ವೇದಿಕೆಯ ಮೆಟ್ಟಿಲು ಇನ್ನೇನು ಸಿಕ್ಕಿತು ಎನ್ನುವಾಗ ನನ್ನ ತೋಳಿಗೆ ಏನೋ ಬಡಿಯಿತು. ಜನರೆಲ್ಲ ಒಂದೇ ದನಿಯಲ್ಲಿ "ಸಾಕು, ಸಾಕು!" ಎಂದರು. ಕೆಳಗೆ ಮಣ್ಣಿನಲ್ಲಿ ಒಂದು ಲಿಂಬೆಹಣ್ಣು ಉರುಳುತ್ತಿತ್ತು. ಕೊನೆಯ ಗಳವನ್ನು ಇನ್ನೂ ಕಿತ್ತಿರಲಿಲ್ಲ.

ಮಹಿಬೂಬಸಾಬರ ಸೀಟಿ ಉದ್ದಕ್ಕೆ ಕೇಳಿಸಿತು. ಆಮೇಲೆ ಗಿರಿಜಾ ಹಾಡಿನ ಹೆಸರು ಹೇಳಿದಳು.

ಇದನ್ನು ಕಣ್ಣಾರೆ ಕಂಡವರು ಇಂತಿದ್ದಾರೆ. ಮಿರ್ಚಿ ಬಂಡಿಯ ಹುಲಿಗೆವ್ವ, ಎರಡೂ ದಿನ ಅದೇ ಜಾಗದಲ್ಲಿದ್ದವಳು. ಗಿಣಿಗೇರಾದ ರೇಣುಕಾ, ಈಗ ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಾಳೆ. ಮಹಿಬೂಬಸಾಬರು. ಗಂಗಾವತಿಯ ಬೀಗರು ಮತ್ತು ಬೀಗತಿ. ಮರದ ಮೇಲಿದ್ದ ಶರಣಪ್ಪ, ಹನುಮಸಾಗರ. ಎಲ್ಲರೂ ದೇವರ ದಯದಿಂದ ಗಟ್ಟಿಯಾಗಿದ್ದಾರೆ. ಬೇಕಾದವರು ಹೋಗಿ ಕೇಳಬಹುದು. ಎರಡನೆಯ ಲಿಂಬೆಹಣ್ಣನ್ನು ಬೀಳಿಸಿದವರು ಯಾರು ಎಂದು ಕೇಳಿದರೆ ಇವರೆಲ್ಲರೂ ಒಂದೇ ಹೆಸರು ಹೇಳುತ್ತಾರೆ. ಹೊರಗಿನ ಸಾಕ್ಷಿಗಳು ಬೇಕಾದಷ್ಟು ಇರುವುದರಿಂದ ನಾನು ತಕರಾರು ಮಾಡುವುದಿಲ್ಲ. ಆದರೆ ನನ್ನನ್ನು ಕೇಳಿದರೆ ನಾನು ನೋಡಿಲ್ಲ ಎಂದೇ ಹೇಳಬೇಕು. ಈ ಸಲ ನನ್ನ ಕಣ್ಣು ತೆರೆದೇ ಇದ್ದವು. ಅವು ವೇದಿಕೆಯ ಮೇಲೆ ನಿಂತಿದ್ದ ಗಿರಿಜಾಳನ್ನು ನೋಡುತ್ತಿದ್ದವು.